ವೀಗನ್ ಬಿಸ್ಕತ್ತು: ಒಲೆಯ ಪಾಕ ಮತ್ತು ಪುಸ್ತಕದ ಲೆಕ್ಕ

ನಮ್ಮ ರಾಜ್ಯದ ಸಣ್ಣ ಉದ್ದಿಮೆಗಳಲ್ಲಿ ಬೇಕರಿಗೆ ವಿಶೇಷ ಸ್ಥಾನವಿದೆ. ಹಾಸನ ಸೀಮೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಅಯ್ಯಂಗಾರ್ ಕುಟುಂಬಗಳು ರೂಢಿಗೆ ತಂದ ಬೇಕರಿ ಪದ್ಧತಿಯಲ್ಲಿ ಮೊಟ್ಟೆಯಿಲ್ಲದ ತಿನಿಸುಗಳು ಮೊದಲಿನಿಂದಲೂ ಇವೆ. ಆದುದರಿಂದ ಮೊಟ್ಟೆ ಹಾಕದ ಬಿಸ್ಕತ್ತು ನಮ್ಮ ಗ್ರಾಹಕರಿಗೆ ಹೊಸದೇನೂ ಅಲ್ಲ. ಹಾಲು, ಬೆಣ್ಣೆ, ತುಪ್ಪ, ಜೇನು ಇವುಗಳಲ್ಲಿ ಯಾವುದೂ ಇಲ್ಲದ ಬಿಸ್ಕತ್ತು ಮಾತ್ರ ಹೊಸ ಬೇಡಿಕೆಯಾಗಿದೆ. ಇದನ್ನೇ ಪೇಟೆಯಲ್ಲಿ ವೀಗನ್ ಕುಕಿ ಎಂದು ಕರೆಯುತ್ತಾರೆ.

ಏಲಕ್ಕಿ, ಶುಂಠಿ, ದಾಲ್ಚಿನ್ನಿಗಳ ಪರಿಮಳ ಮತ್ತು ಗೋಡಂಬಿ, ಬಾದಾಮಿಗಳ ರುಚಿಯುಳ್ಳ ಇಂತಹ ಬಿಸ್ಕತ್ತನ್ನು ತಯಾರಿಸಬಯಸುವ ಸದಸ್ಯರು ಸಾಮಾನ್ಯವಾಗಿ ಮೊದಲು ಕೇಳುವುದು ಪಾಕದ ಬಗ್ಗೆ. ಪಾಕವು ಕಷ್ಟದ ವಿಷಯವಲ್ಲ. ನುರಿತ ಬೇಕರಿ ಕೆಲಸಗಾರನು ಕೆಲವು ಪ್ರಯೋಗಗಳಲ್ಲಿಯೇ ಅದನ್ನು ಸಾಧಿಸಬಲ್ಲನು. ಈ ಬಿಸ್ಕತ್ತು ಲಾಭ ತರುವುದೋ ನಷ್ಟ ತರುವುದೋ, ಗ್ರಾಹಕನ ನಂಬಿಕೆ ಉಳಿಯುವುದೋ ಅಳಿಯುವುದೋ ಎಂಬುದು ನಿರ್ಧಾರವಾಗುವುದು ವೆಚ್ಚದ ಹಾಳೆಯಲ್ಲಿ ಮತ್ತು ಉಗ್ರಾಣದ ದಾಸ್ತಾನು ಪುಸ್ತಕದಲ್ಲಿ. ಪಾಕ, ವೆಚ್ಚ, ತೆರಿಗೆ, ಉಗ್ರಾಣ ಮತ್ತು ಲೇಬಲ್ ಈ ಐದನ್ನೂ ಒಂದೇ ಸರಣಿಯಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ವೀಗನ್ ಎಂದರೇನು?

1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ವೀಗನ್ ಸಂಘವನ್ನು ಸ್ಥಾಪಿಸಿದಾಗ ಈ ಪದವು ಬಳಕೆಗೆ ಬಂದಿತು. ಪ್ರಾಣಿಯಿಂದ ದೊರೆಯುವ ಯಾವ ಪದಾರ್ಥವನ್ನೂ ಸೇವಿಸದಿರುವುದು ಇದರ ತಿರುಳು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಕಾಣುವ ಹಸಿರು ಚುಕ್ಕೆಯು ಸಸ್ಯಾಹಾರದ ಗುರುತು. ಆ ಗುರುತಿನ ಅಡಿಯಲ್ಲಿ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೂ ಜೇನಿಗೂ ಅವಕಾಶವಿದೆ. ಹೀಗಾಗಿ ಹಸಿರು ಚುಕ್ಕೆ ಪಡೆದ ಬಿಸ್ಕತ್ತುಗಳೆಲ್ಲವೂ ವೀಗನ್ ಆಗಲಾರವು.

ಈ ಗೊಂದಲವನ್ನು ನಿವಾರಿಸಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ಜೂನ್ ತಿಂಗಳಿನಲ್ಲಿ ವೀಗನ್ ಆಹಾರಗಳ ಬಗ್ಗೆ ಪ್ರತ್ಯೇಕ ವಿನಿಯಮಗಳನ್ನು ಪ್ರಕಟಿಸಿತು. ಅವುಗಳ ಪ್ರಕಾರ ಆಹಾರದಲ್ಲಿರುವ ಪದಾರ್ಥಗಳಷ್ಟೇ ಅಲ್ಲದೆ ಸೇರ್ಪಡೆಗಳು, ಸುವಾಸನೆಗಳು, ಕಿಣ್ವಗಳು ಮತ್ತು ಸಂಸ್ಕರಣೆಯಲ್ಲಿ ಬಳಸುವ ಸಹಾಯಕ ವಸ್ತುಗಳು ಕೂಡ ಪ್ರಾಣಿಮೂಲದವು ಆಗಿರಕೂಡದು. ತಯಾರಿಕೆಯ ಯಾವ ಹಂತದಲ್ಲಿಯೂ ಅಂತಹವನ್ನು ಬಳಸಿರಕೂಡದು. ಈ ‘ಯಾವ ಹಂತದಲ್ಲಿಯೂ’ ಎಂಬ ಮಾತನ್ನು ಉದ್ದಿಮೆದಾರರು ಅಡಿಗೆರೆ ಎಳೆದು ಓದಿಕೊಳ್ಳಬೇಕು.

ಬೆಣ್ಣೆಯ ಸ್ಥಾನವನ್ನು ತುಂಬುವ ಬಗೆ

ಬಿಸ್ಕತ್ತಿನಲ್ಲಿ ಬೆಣ್ಣೆಯು ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಹಿಟ್ಟಿನ ಕಣಗಳಿಗೆ ಜಿಡ್ಡು ಹಚ್ಚಿ ಅಂಟು ಬೆಳೆಯದಂತೆ ತಡೆದು ಬಿಸ್ಕತ್ತನ್ನು ಪುಡಿಪುಡಿಯಾಗುವಂತೆ ಇಡುತ್ತದೆ. ಎರಡನೆಯದಾಗಿ, ತನ್ನಲ್ಲಿರುವ ಸುಮಾರು ಶೇ. 16ರಷ್ಟು ನೀರಿನಿಂದ ಹಿಟ್ಟನ್ನು ಒಗ್ಗೂಡಿಸುತ್ತದೆ. ಮೂರನೆಯದಾಗಿ, ಹಾಲಿನ ಸಕ್ಕರೆ ಮತ್ತು ಸಸಾರಜನಕದಿಂದ ಬಣ್ಣ ಹಾಗೂ ಘಮ ನೀಡುತ್ತದೆ. ಬೆಣ್ಣೆಯನ್ನು ತೆಗೆದ ಮೇಲೆ ಈ ಮೂರನ್ನೂ ಬೇರೆ ಬೇರೆಯಾಗಿ ಒದಗಿಸಬೇಕಾಗುತ್ತದೆ.

ಜಿಡ್ಡಿಗೆ ಕೊಬ್ಬರಿ ಎಣ್ಣೆಯು ಅನುಕೂಲಕರ. ಸುಮಾರು 24 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗಿರುವುದರಿಂದ ಬೆಣ್ಣೆಯಂತೆಯೇ ಸಕ್ಕರೆ ಅಥವಾ ಬೆಲ್ಲದೊಡನೆ ನೊರೆಯಾಗಿ ಕಲಸಬಹುದು. ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆಗೆ ಹೋಲಿಸಿದರೆ ಅದು ಬೇಗನೆ ಕಮಟು ಹಿಡಿಯುವುದಿಲ್ಲ. ಆದರೆ ಬೇಸಿಗೆಯ ಮಧ್ಯಾಹ್ನ, ಅದರಲ್ಲಿಯೂ ಕರಾವಳಿಯ ಊರುಗಳಲ್ಲಿ, ಅದು ನೀರಾಗಿ ಹರಿಯುತ್ತದೆ. ಅಂತಹ ಹಿಟ್ಟಿನ ಬಿಸ್ಕತ್ತು ಒಲೆಯಲ್ಲಿ ಹರಡಿಕೊಂಡು ತೆಳ್ಳಗಾಗುತ್ತದೆ; ತೂಕ ಸರಿಯಿದ್ದರೂ ಪೊಟ್ಟಣದಲ್ಲಿ ಕೂರುವುದಿಲ್ಲ. ಎಣ್ಣೆಯನ್ನು ತಂಪಾಗಿಟ್ಟು ಬಳಸುವುದು, ಕಲಸಿದ ಹಿಟ್ಟನ್ನು ಅರ್ಧ ಗಂಟೆ ಶೈತ್ಯದಲ್ಲಿಟ್ಟು ಅನಂತರ ಕತ್ತರಿಸುವುದು ಇದಕ್ಕೆ ಪರಿಹಾರ.

ಬೆಣ್ಣೆಯಲ್ಲಿ ಜಿಡ್ಡಿನ ಅಂಶವು ಶೇ. 80ರಷ್ಟಾದರೆ ಎಣ್ಣೆಯಲ್ಲಿ ಬಹುತೇಕ ಪೂರ್ತಿ ಜಿಡ್ಡೇ. ಆದುದರಿಂದ 5 ಕಿಲೋ ಬೆಣ್ಣೆಯ ಬದಲಿಗೆ 4 ಕಿಲೋ ಎಣ್ಣೆ ಸಾಕು. ಕಡಿಮೆಯಾದ ನೀರನ್ನು ಬೇರೆಯಾಗಿ ಸೇರಿಸಬೇಕು. ದರ ಹೋಲಿಸುವಾಗಲೂ ಕಿಲೋಗೆ ಕಿಲೋ ಎಂದು ಹೋಲಿಸದೆ ಜಿಡ್ಡಿನ ಲೆಕ್ಕದಲ್ಲಿ ಹೋಲಿಸುವುದೇ ಸರಿಯಾದ ಕ್ರಮ. ಹಿಟ್ಟನ್ನು ಒಗ್ಗೂಡಿಸಲು ಅಗಸೆ ಬೀಜದ ಪುಡಿಯನ್ನು ನೀರಿನಲ್ಲಿ ನೆನೆಸಿದರೆ ಬರುವ ಲೋಳೆಯು ಉಪಯುಕ್ತ. ಬಣ್ಣದ ಹೊಣೆಯನ್ನು ಬೆಲ್ಲವು ಹೊರುತ್ತದೆ. ಬೆಲ್ಲ ಬೇಗ ಕಂದುವುದರಿಂದ ಒಲೆಯ ಶಾಖವನ್ನು 160 ಡಿಗ್ರಿಯ ಆಸುಪಾಸಿನಲ್ಲಿರಿಸಿ 15ರಿಂದ 18 ನಿಮಿಷ ಬೇಯಿಸುವುದು ಕ್ಷೇಮ.

ಸಾಂಬಾರ ಪದಾರ್ಥ ಮತ್ತು ಬೀಜಗಳು

ಬೆಣ್ಣೆಯ ಘಮವಿಲ್ಲದ ಬಿಸ್ಕತ್ತಿಗೆ ಸಾಂಬಾರ ಪದಾರ್ಥವು ಅಲಂಕಾರವಲ್ಲ, ಆಧಾರ. ಸಕಲೇಶಪುರ ಮತ್ತು ಕೊಡಗಿನ ಏಲಕ್ಕಿ ನಮ್ಮ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಏಲಕ್ಕಿಯ ಪರಿಮಳವು ಹಾರಿಹೋಗುವ ತೈಲದಲ್ಲಿರುವುದರಿಂದ ತಿಂಗಳಿಗಾಗುವಷ್ಟನ್ನು ಒಮ್ಮೆಗೇ ಪುಡಿ ಮಾಡಿಡುವುದು ನಷ್ಟದ ಪದ್ಧತಿ. ಆಯಾ ದಿನದ ಕಲಸಿಗೆ ಬೇಕಾದಷ್ಟನ್ನು ಅಂದೇ ಪುಡಿ ಮಾಡಬೇಕು. ಆ ತೈಲವು ಜಿಡ್ಡಿನಲ್ಲಿ ಕರಗುವ ಗುಣವುಳ್ಳದ್ದು. ಆದುದರಿಂದ ಪುಡಿಯನ್ನು ಒಣ ಹಿಟ್ಟಿಗೆ ಬೆರೆಸುವುದಕ್ಕಿಂತ ಮೊದಲು ಎಣ್ಣೆಗೆ ಬೆರೆಸಿದರೆ ಅದೇ ಪ್ರಮಾಣದಲ್ಲಿ ಹೆಚ್ಚು ಪರಿಮಳ ದೊರೆಯುತ್ತದೆ.

ಗೋಡಂಬಿ, ಬಾದಾಮಿಗಳನ್ನು ತುಪ್ಪದಲ್ಲಿ ಹುರಿಯುವುದು ನಮ್ಮ ಮನೆಗಳ ಮತ್ತು ಅನೇಕ ಬೇಕರಿಗಳ ಅಭ್ಯಾಸ. ಇಲ್ಲಿ ಅದು ಸಲ್ಲದು, ಒಣದಾಗಿಯೇ ಹುರಿಯಬೇಕು. ಹುರಿದ ಬೀಜವು ಹಸಿಯದಕ್ಕಿಂತ ಬೇಗ ಕಮಟುತ್ತದೆ. ಹೀಗಾಗಿ ಹುರಿದು ದಾಸ್ತಾನು ಮಾಡಬಾರದು. ಬಿಸ್ಕತ್ತಿನೊಳಗೆ ಇಡೀ ಗೋಡಂಬಿಗಿಂತ ತುಂಡು ಗೋಡಂಬಿಯೇ ಒಳ್ಳೆಯದು. ರುಚಿಯಲ್ಲಿ ವ್ಯತ್ಯಾಸವಿಲ್ಲ, ದರದಲ್ಲಿ ಗಣನೀಯ ವ್ಯತ್ಯಾಸವಿದೆ. ಕಡಲೆಕಾಯಿ ಬೀಜ ಬಳಸುವವರು ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ತೆಗೆಯುವುದು ಮಾತ್ರವಲ್ಲದೆ, ಬೂಷ್ಟಿನಿಂದ ಉಂಟಾಗುವ ಅಫ್ಲಟಾಕ್ಸಿನ್ ವಿಷದ ಪರೀಕ್ಷಾ ವರದಿಯನ್ನೂ ಸರಬರಾಜುದಾರರಿಂದ ಪಡೆಯತಕ್ಕದ್ದು.

ಒಂದು ಕಲಸಿನ ವೆಚ್ಚ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ದರಗಳು ವಿವರಣೆಗಾಗಿ ಹಿಡಿದವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡತಕ್ಕದ್ದು.

ಗೋಧಿ ಹಿಟ್ಟು 10 ಕಿಲೋ, ರೂ. 45ರಂತೆ: ರೂ. 450
ಬೆಲ್ಲದ ಪುಡಿ 4.5 ಕಿಲೋ, ರೂ. 80ರಂತೆ: ರೂ. 360
ಕೊಬ್ಬರಿ ಎಣ್ಣೆ 4 ಕಿಲೋ, ರೂ. 400ರಂತೆ: ರೂ. 1,600
ತುಂಡು ಗೋಡಂಬಿ 2 ಕಿಲೋ, ರೂ. 750ರಂತೆ: ರೂ. 1,500
ಅಗಸೆ ಬೀಜ 200 ಗ್ರಾಂ: ರೂ. 30
ಏಲಕ್ಕಿ 80 ಗ್ರಾಂ: ರೂ. 240
ಒಣಶುಂಠಿ 60 ಗ್ರಾಂ, ದಾಲ್ಚಿನ್ನಿ 40 ಗ್ರಾಂ: ರೂ. 40
ಉಪ್ಪು ಮತ್ತು ಬೇಕಿಂಗ್ ಪೌಡರ್ 220 ಗ್ರಾಂ: ರೂ. 40
ನೀರು 1.2 ಕಿಲೋ
ಒಟ್ಟು: 22.3 ಕಿಲೋ; ರೂ. 4,260

ಸಣ್ಣ ಘಟಕಗಳ ಲೆಕ್ಕ ಪರಿಶೀಲಿಸುವಾಗ ಪದೇ ಪದೇ ಕಾಣುವ ದೋಷವೊಂದಿದೆ. 22.3 ಕಿಲೋ ಹಿಟ್ಟನ್ನು 200 ಗ್ರಾಂನಿಂದ ಭಾಗಿಸಿ 111 ಪೊಟ್ಟಣಗಳೆಂದೂ, ಪೊಟ್ಟಣವೊಂದಕ್ಕೆ ಸಾಮಗ್ರಿ ವೆಚ್ಚ ರೂ. 38.38 ಎಂದೂ ಬರೆದಿರುತ್ತಾರೆ. ಆದರೆ ಸೇರಿಸಿದ ನೀರು ಮತ್ತು ಹಿಟ್ಟಿನಲ್ಲಿಯೇ ಇದ್ದ ತೇವ ಒಲೆಯಲ್ಲಿ ಹೋಗುತ್ತದೆ. ಇದನ್ನು ಶೇ. 10 ಎಂದು ಹಿಡಿದರೆ ಉಳಿಯುವುದು 20.07 ಕಿಲೋ. ಮುರಿದದ್ದು, ಕಂದಿದ್ದು ಶೇ. 3 ಎಂದಾದರೆ ಮಾರಾಟಕ್ಕೆ ಸಿಗುವುದು 19.47 ಕಿಲೋ ಮಾತ್ರ, ಅಂದರೆ 97 ಪೊಟ್ಟಣಗಳು. ನಿಜವಾದ ಸಾಮಗ್ರಿ ವೆಚ್ಚ ಪೊಟ್ಟಣಕ್ಕೆ ರೂ. 43.92. ಪ್ರತಿ ಕಲಸಿನಲ್ಲಿ 14 ಪೊಟ್ಟಣಗಳು ಕಾಗದದ ಮೇಲೆ ಮಾತ್ರ ಇದ್ದವು. ಅವುಗಳ ಮೇಲೆ ಲಾಭ ಲೆಕ್ಕ ಹಾಕಿದ ಘಟಕಕ್ಕೆ ವರ್ಷಾಂತ್ಯದಲ್ಲಿ ಹಣವೆಲ್ಲಿ ಹೋಯಿತೆಂಬುದು ತಿಳಿಯುವುದಿಲ್ಲ.

ಇನ್ನೂ ಎರಡು ಅಂಶಗಳು ಗಮನಾರ್ಹ. ಎಣ್ಣೆ ಮತ್ತು ಗೋಡಂಬಿ ಇವೆರಡೇ ಸಾಮಗ್ರಿ ವೆಚ್ಚದ ಶೇ. 73ರಷ್ಟನ್ನು ತಿನ್ನುತ್ತವೆ. ಆದುದರಿಂದ ಹಿಟ್ಟಿನ ದರದಲ್ಲಿ ಎರಡು ರೂಪಾಯಿ ಚೌಕಾಸಿ ಮಾಡುವ ಶ್ರಮವನ್ನು ಈ ಎರಡರ ಖರೀದಿಯಲ್ಲಿ ತೊಡಗಿಸುವುದು ವಿವೇಕ. ಸಾಂಬಾರ ಪದಾರ್ಥಗಳಾದರೋ ತೂಕದಲ್ಲಿ ಶೇ. 1ಕ್ಕಿಂತ ಕಡಿಮೆ, ವೆಚ್ಚದಲ್ಲಿ ಶೇ. 6.6. ಬಿಸ್ಕತ್ತಿನ ಗುರುತೇ ಅವುಗಳಲ್ಲಿರುವಾಗ, ಅಲ್ಲಿ ಉಳಿತಾಯಕ್ಕೆ ಕೈಹಾಕುವುದು ಗ್ರಾಹಕನನ್ನು ಕಳೆದುಕೊಳ್ಳುವ ಸುಲಭ ಮಾರ್ಗ.

ಪ್ಯಾಕಿಂಗ್ ರೂ. 6, ಕೂಲಿ ರೂ. 12, ವಿದ್ಯುತ್ ಮತ್ತು ಇಂಧನ ರೂ. 5, ಬಾಡಿಗೆ, ಸವಕಳಿ ಹಾಗೂ ಪರೀಕ್ಷಾ ವೆಚ್ಚ ರೂ. 6 ಎಂದು ಹಿಡಿದರೆ ಒಟ್ಟು ವೆಚ್ಚ ರೂ. 72.92. ಇದರ ಮೇಲೆ ಶೇ. 15 ಲಾಭ ಸೇರಿಸಿದರೆ ಘಟಕದ ಬೆಲೆ ಸುಮಾರು ರೂ. 84 ಆಗುತ್ತದೆ.

ಜಿಎಸ್‌ಟಿಯ ಪರಿಣಾಮ

ಜಿಎಸ್‌ಟಿ ಜಾರಿಗೆ ಬಂದ 2017ರ ಜುಲೈನಿಂದ ಬಿಸ್ಕತ್ತಿನ ಮೇಲೆ ಶೇ. 18 ತೆರಿಗೆಯಿತ್ತು. 2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿಯ ಸಭೆಯ ತೀರ್ಮಾನದಂತೆ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿಯಿತು. ಮೇಲಿನ ಉದಾಹರಣೆಯಲ್ಲಿ ಅಂಗಡಿಯವರ ಪಾಲು ತೆರಿಗೆರಹಿತ ಮಾರಾಟ ಬೆಲೆಯ ಶೇ. 25 ಎಂದು ಹಿಡಿದರೆ ಆ ಬೆಲೆ ರೂ. 112 ಆಗುತ್ತದೆ. ಶೇ. 18ರಂತೆ ಗ್ರಾಹಕನು ತೆರಬೇಕಾಗಿದ್ದುದು ರೂ. 132.16; ಶೇ. 5ರಂತೆ ರೂ. 117.60. ಗೋಡಂಬಿ ಬಿಸ್ಕತ್ತಿನಂತಹ ದುಬಾರಿ ತಿನಿಸಿಗೆ ಇದು ದೊಡ್ಡ ಅನುಕೂಲ.

ಈ ಇಳಿಕೆಗೆ ಇನ್ನೊಂದು ಮುಖವೂ ಇದೆ. ಒಲೆ, ಕಲಸುವ ಯಂತ್ರ, ಪ್ಲಾಸ್ಟಿಕ್ ಹಾಳೆ ಮತ್ತು ಬಹುಪಾಲು ಸೇವೆಗಳ ಮೇಲೆ ತೆರಿಗೆ ಶೇ. 18ರಲ್ಲಿಯೇ ಇದೆ. ರೂ. 10 ಲಕ್ಷದ ಯಂತ್ರ ಖರೀದಿಸಿದವರಿಗೆ ರೂ. 1.80 ಲಕ್ಷದ ತೆರಿಗೆ ಜಮೆ ದೊರೆಯುತ್ತದೆ. ಆದರೆ ಅದನ್ನು ತೀರಿಸಿಕೊಳ್ಳುವ ವೇಗ ಎಷ್ಟು? ಪೊಟ್ಟಣಕ್ಕೆ ಮಾರಾಟ ತೆರಿಗೆ ರೂ. 4.20. ಸಾಮಗ್ರಿಯ ಮೇಲೆ ಶೇ. 5, ಪ್ಯಾಕಿಂಗ್ ಮೇಲೆ ಶೇ. 18 ಎಂದು ಸ್ಥೂಲವಾಗಿ ಹಿಡಿದರೆ ಖರೀದಿಯ ಮೇಲಿನ ಜಮೆ ರೂ. 3.28. ಉಳಿಯುವ ವ್ಯತ್ಯಾಸ 92 ಪೈಸೆ. ಯಂತ್ರದ ಜಮೆಯನ್ನು ಪೂರ್ತಿ ಬಳಸಲು ಸುಮಾರು 1,95,000 ಪೊಟ್ಟಣ ಮಾರಬೇಕಾಗುತ್ತದೆ. ತೆರಿಗೆ ದರ ತಲೆಕೆಳಗಾದ ಸಂದರ್ಭದಲ್ಲಿ ಮರುಪಾವತಿಗೆ ಅವಕಾಶವಿದ್ದರೂ ಅದು ಕಚ್ಚಾ ಸಾಮಗ್ರಿಯ ತೆರಿಗೆಗೆ ಸೀಮಿತ. ಯಂತ್ರ ಮತ್ತು ಸೇವೆಗಳ ತೆರಿಗೆಗೆ ಅನ್ವಯಿಸುವುದಿಲ್ಲ. ಇದನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿದಿದೆ. ಜಮೆ ಪಡೆಯದೆ ಆ ತೆರಿಗೆಯನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಪಡೆಯುವ ಆಯ್ಕೆಯೂ ಇದೆ. ಎರಡನ್ನೂ ಪಡೆಯಲು ಬರುವುದಿಲ್ಲ. ಬ್ಯಾಂಕಿಗೆ ಯೋಜನಾ ವರದಿ ಸಲ್ಲಿಸುವ ಮುನ್ನವೇ ಇದನ್ನು ನಿರ್ಧರಿಸಿಕೊಳ್ಳಬೇಕು.

ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಮಾರಾಟ ಮಾಡುವಂತಿಲ್ಲ. ವೀಗನ್ ಗ್ರಾಹಕರು ಒಂದೇ ಊರಿನಲ್ಲಿ ದಟ್ಟವಾಗಿರುವುದಿಲ್ಲ; ಮುಂಬಯಿ, ಚೆನ್ನೈ, ಹೈದರಾಬಾದುಗಳಿಂದ ಬೇಡಿಕೆ ಬಂದಾಗ ಈ ನಿರ್ಬಂಧ ಅಡ್ಡಿಯಾದೀತು.

ಉಗ್ರಾಣದಲ್ಲಿ ಅಡಗಿರುವ ಪ್ರಾಣಿಮೂಲ

ಬೆಣ್ಣೆಯ ಡಬ್ಬಿ ಕಣ್ಣಿಗೆ ಕಾಣುತ್ತದೆ. ಆದುದರಿಂದ ಅದು ಅಪಾಯಕಾರಿಯಲ್ಲ. ಅಪಾಯವಿರುವುದು ಬೇರೆ ಹೆಸರಿನಲ್ಲಿ ಒಳಬರುವ ವಸ್ತುಗಳಲ್ಲಿ. ‘ಬೆಣ್ಣೆ ಸುವಾಸನೆ’ಯ ದ್ರವದಲ್ಲಿ ಹಾಲಿನ ಅಂಶವಿರಬಹುದು. ಬೇಕರಿ ಮಾರ್ಗರೀನಿನಲ್ಲಿ ಹಾಲಿನ ಪುಡಿ ಇರಬಹುದು. ಹೊಳಪಿಗೆ ಬಳಿಯುವ ಐಎನ್‌ಎಸ್ 904 ಅರಗಿನ ಹುಳುವಿನಿಂದ ಬಂದದ್ದು. ಕೆಂಪು ಬಣ್ಣದ ಐಎನ್‌ಎಸ್ 120 ಒಂದು ಬಗೆಯ ಕೀಟದಿಂದ ತಯಾರಾದದ್ದು. ಐಎನ್‌ಎಸ್ 471 ಎಂಬ ಎಮಲ್ಸಿಫೈಯರ್ ಸಸ್ಯದ ಕೊಬ್ಬಿನಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ತಯಾರಾಗುತ್ತದೆ; ಸಂಖ್ಯೆಯನ್ನು ನೋಡಿ ಯಾವುದೆಂದು ಹೇಳಲಾಗದು. ಡಿ3 ಜೀವಸತ್ವವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಆದುದರಿಂದ ಜೀವಸತ್ವ ಸೇರಿಸಿದ ಎಣ್ಣೆ ಕೊಳ್ಳುವಾಗ ಅದರ ಮೂಲವನ್ನು ಲಿಖಿತವಾಗಿ ಕೇಳಬೇಕು.

ಇದಕ್ಕೆ ಪರಿಹಾರ ಒಳ್ಳೆಯ ಪುಸ್ತಕ ಪಾಲನೆ. ಪ್ರತಿ ಸರಬರಾಜುದಾರರಿಂದ ಪದಾರ್ಥದ ಮೂಲದ ಬಗ್ಗೆ ಘೋಷಣಾ ಪತ್ರ ಪಡೆದು ಖರೀದಿ ಬಿಲ್ಲಿನೊಡನೆ ಇರಿಸಬೇಕು. ಪ್ರತಿ ಕಲಸಿಗೆ ಒಂದು ಸಂಖ್ಯೆ ನೀಡಿ, ಅದಕ್ಕೆ ಹೋದ ಹಿಟ್ಟು, ಎಣ್ಣೆ, ಗೋಡಂಬಿ ಯಾವ ಬಿಲ್ಲಿನವೆಂದು ದಾಖಲಿಸಬೇಕು. ಅದೇ ಸಂಖ್ಯೆ ಪೊಟ್ಟಣದ ಮೇಲೂ ಬರಬೇಕು. ವಿನಿಯಮಗಳು ಕೇಳುವ ಮೂಲಶೋಧನೆಗೆ ಈ ಸರಪಳಿಯೇ ಆಧಾರ. ಬೆಣ್ಣೆ ಬಿಸ್ಕತ್ತು ತಯಾರಾಗುವ ಯಂತ್ರದಲ್ಲಿಯೇ ವೀಗನ್ ಬಿಸ್ಕತ್ತನ್ನೂ ತಯಾರಿಸುವುದಾದರೆ, ಆರಂಭಕ್ಕೆ ಮುನ್ನ ಸಂಪೂರ್ಣ ಶುಚಿ ಮಾಡುವುದು ವಿನಿಯಮಗಳ ಪ್ರಕಾರ ಕಡ್ಡಾಯ. ದಿನದ ಮೊದಲ ಕಲಸನ್ನು ವೀಗನ್ ಬಿಸ್ಕತ್ತಿಗೆ ಮೀಸಲಿಟ್ಟು, ತಟ್ಟೆ, ಬ್ರಷ್, ಜರಡಿಗಳನ್ನು ಪ್ರತ್ಯೇಕವಾಗಿರಿಸಿ, ಶುಚಿಗೊಳಿಸಿದ ಹೊತ್ತನ್ನೂ ಮಾಡಿದವರ ಸಹಿಯನ್ನೂ ಬರೆದಿಡುವುದು ಉತ್ತಮ.

ಲೇಬಲ್ ಮತ್ತು ಜವಾಬ್ದಾರಿ

ವೀಗನ್ ಚಿಹ್ನೆಯನ್ನು ಪ್ರಾಧಿಕಾರದ ಅನುಮತಿ ಪಡೆದ ಅನಂತರವೇ ಮುದ್ರಿಸತಕ್ಕದ್ದು. ಹಾಲಿಲ್ಲದ ತಿನಿಸಿಗೆ ಹಾಲಿನ ಉತ್ಪನ್ನದ ಹೆಸರು ಬಳಸುವುದಕ್ಕೆ ನಿರ್ಬಂಧವಿದೆ. ಹೀಗಾಗಿ ‘ವೀಗನ್ ಬೆಣ್ಣೆ ಬಿಸ್ಕತ್ತು’ ಎಂಬ ಆಕರ್ಷಕ ಹೆಸರನ್ನು ಕೈಬಿಡುವುದು ಲೇಸು. ತಪ್ಪು ಲೇಬಲ್ಲಿಗೆ ಆಹಾರ ಸುರಕ್ಷತಾ ಕಾಯಿದೆಯ 52ನೆಯ ಪ್ರಕರಣದಡಿ ರೂ. 3 ಲಕ್ಷದವರೆಗೆ, ದಾರಿತಪ್ಪಿಸುವ ಜಾಹೀರಾತಿಗೆ 53ನೆಯ ಪ್ರಕರಣದಡಿ ರೂ. 10 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ.

ದಂಡಕ್ಕಿಂತ ಗುರುತರವಾದ ವಿಷಯವೊಂದಿದೆ. ವೀಗನ್ ಬಿಸ್ಕತ್ತು ಕೊಳ್ಳುವವರೆಲ್ಲರೂ ತತ್ತ್ವಕ್ಕಾಗಿ ಕೊಳ್ಳುವವರಲ್ಲ. ಹಾಲು ಒಗ್ಗದ ಮಕ್ಕಳ ತಾಯ್ತಂದೆಯರೂ ಈ ಗುರುತನ್ನು ನೋಡಿಯೇ ಕೊಳ್ಳುತ್ತಾರೆ. ಹಾಲಿನ ಅಲರ್ಜಿ ತೀವ್ರವಾಗಿರುವ ಮಗುವಿಗೆ ಅತ್ಯಲ್ಪ ಪ್ರಮಾಣದ ಹಾಲಿನ ಅಂಶವೂ ಉಸಿರಾಟದ ತೊಂದರೆ ತರಬಲ್ಲದು, ಪ್ರಾಣಕ್ಕೂ ಅಪಾಯವಾಗಬಹುದು. ವೀಗನ್ ಚಿಹ್ನೆಯು ಪದಾರ್ಥಗಳ ಮೂಲದ ಬಗ್ಗೆ ನೀಡುವ ವಚನವೇ ಹೊರತು ಅಲರ್ಜಿಯಿಲ್ಲವೆಂಬ ಭರವಸೆಯಲ್ಲ. 2020ರ ಲೇಬಲಿಂಗ್ ವಿನಿಯಮಗಳಂತೆ ಗೋಧಿ, ಗೋಡಂಬಿ, ಬಾದಾಮಿ, ಕಡಲೆಕಾಯಿ ಇದ್ದಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಅದೇ ಕಟ್ಟಡದಲ್ಲಿ ಬೆಣ್ಣೆ ಬಳಕೆಯಿದ್ದು, ಅದರ ಲೇಶ ಸೋಂಕುವ ಸಾಧ್ಯತೆಯಿದ್ದರೆ ‘ಹಾಲಿನ ಅಂಶವಿರಬಹುದು’ ಎಂದು ಮುದ್ರಿಸಬೇಕು. ಆ ಒಂದು ಸಾಲಿನಿಂದ ಕೆಲವು ಪೊಟ್ಟಣಗಳ ಮಾರಾಟ ಕಡಿಮೆಯಾದೀತು. ಆ ಸಾಲು ಇಲ್ಲದಿದ್ದರೆ ಆಗಬಹುದಾದ ನಷ್ಟವನ್ನು ಯಾವ ಲೆಕ್ಕಪತ್ರದಲ್ಲಿಯೂ ತೋರಿಸಲಾಗದು.

ಈ ಉತ್ಪನ್ನಕ್ಕೆ ಕೈಹಾಕಲಿಚ್ಛಿಸುವ ಸದಸ್ಯರು ಯಂತ್ರ ಖರೀದಿಸುವ ಮೊದಲು ಒಂದು ತಿಂಗಳ ಕಾಲ ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಪ್ರತಿ ಕಲಸಿನಲ್ಲಿ ಒಲೆಗೆ ಹೋದ ತೂಕವನ್ನೂ ಪೊಟ್ಟಣಕ್ಕೆ ಬಂದ ತೂಕವನ್ನೂ ದಾಖಲಿಸಲಿ. ಪ್ರತಿ ಪದಾರ್ಥದ ಮೂಲವನ್ನು ಲಿಖಿತವಾಗಿ ಪಡೆಯಲಿ. ಆ ಕಡತ ಸಿದ್ಧವಾದ ದಿನ ಬೆಲೆ ನಿಗದಿಯೂ ಅನುಮತಿ ಅರ್ಜಿಯೂ ಸುಲಭವಾಗುತ್ತವೆ. ಪೊಟ್ಟಣದ ಮೇಲೆ ಬರೆದ ಮಾತನ್ನು ಯಾರು ಪ್ರಶ್ನಿಸಿದರೂ ಉತ್ತರ ಕೈಯಲ್ಲಿರುತ್ತದೆ.